ಊರೊಳಗೆ ಕುಡಿಯಬಾರದ ಬಿಯರು

ಮಧ್ಯಾಹ್ನದ ಊಟದ ಹೊತ್ತು ದಾಟಿತೆಂದರೆ ನಮ್ಮ ಅಂಗಡಿಯಲ್ಲಿ ಅಳುವವರ ಹೊತ್ತು. ಬೆಳಗಿನಿಂದ ಉಪ್ಪಿನ ಆಗರದಲ್ಲಿ ಬಿಸಿಲು ತಿಂದವರು ಒಬ್ಬೊಬ್ಬರೇ ಬರುತ್ತಾರೆ, ಬಾಗಿಲ ಬಳಿಯ ತೊಟ್ಟಿಯಲ್ಲಿ ಕಾಲಿಗೆ ಅಂಟಿದ ಉಪ್ಪು ತೊಳೆಯುತ್ತಾರೆ, ಬೆಂಚಿನ ಮೇಲೆ ಕೂತು ತಮಗೆ ಬೇಕಾದ ದೇಶದ ಹೆಸರು ಹೇಳುತ್ತಾರೆ. ನಾನು ಆ ದೇಶದ ಬಿಯರು ತಂದು ಇಡುತ್ತೇನೆ. ಗ್ಲಾಸು ಅರ್ಧ ಆಗುವುದರೊಳಗೆ ಹಂಬಲ ಹತ್ತುತ್ತದೆ. ಜನ್ಮದಲ್ಲಿ ಹೊಳೆಯ ಆಚೆ ದಡ ಮೆಟ್ಟದವನು ಜರ್ಮನಿಯನ್ನು ನೆನೆದು ಮೂಗು ಒರೆಸಿಕೊಳ್ಳುತ್ತಾನೆ, ಅಲ್ಲೇ ಹುಟ್ಟಿ ಬೆಳೆದು ಹೊಟ್ಟೆಪಾಡಿಗೆ ಇಲ್ಲಿ ಬಂದು ಸಿಕ್ಕಿಹಾಕಿಕೊಂಡವನ ಹಾಗೆ. ಹಿತ್ತಿಲ ಕಡೆ ಒಂದೆರಡು ಸಲ ಹೋಗಿಬಂದರೆ ಜರ್ಮನಿಯೂ ಇಳಿಯುತ್ತದೆ. ಆಮೇಲೆ, ಮನೆಯಲ್ಲಿ ಇವತ್ತು ಎಂತ ಮೀನೋ ಏನೋ ಎನ್ನುತ್ತ ಎದ್ದು ಹೋಗುತ್ತಾನೆ.

ಈ ಊರಿನವರಿಗೆ ಇದು ಹೊಸತಲ್ಲ. ಉಪ್ಪು ತುಂಬಿಕೊಳ್ಳಲು ಎಲ್ಲೆಲ್ಲಿಯದೋ ಹಡಗು ಬರುತ್ತದೆ, ಬರುವಾಗ ಪೆಟ್ಟಿಗೆಗಟ್ಟಲೆ ಬಿಯರು ಇಳಿಸಿ ಹೋಗುತ್ತದೆ. ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಹೊರಗಿನವರು ಯಾರಾದರೂ ಬಂದು, ಇದು ಹೇಗೆ ನೀಲಾವತಿಯವರೇ, ಯಾಕೆ ಹೀಗೆ ಎಂದು ಕೇಳಿದರೆ ನಾನು ಹೇಳುವುದು ಇಷ್ಟೇ: ನನಗೆ ಗ್ಲಾಸು ತೊಳೆಯುವುದಿದೆ.

ಎಲ್ಲ ದೇಶದ ಹಂಬಲವೂ ಒಂದೇ ಅಂತ ತಿಳಿಯಬೇಡಿ. ಜರ್ಮನಿಯದು ಗಟ್ಟಿ ಹಂಬಲ. ಅದನ್ನು ಕುಡಿಯುವವರು ದೊಡ್ಡ ಮಗ್ಗೇ ಬೇಕೆನ್ನುತ್ತಾರೆ, ಮಗ್ಗಿಗೆ ಮಗ್ಗು ತಾಗಿಸುವಾಗ ಎದುರಿನವನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ, ಕಣ್ಣು ತಪ್ಪಿಸಿದವನ ಮೇಲೆ ಮುನಿಸಿಕೊಳ್ಳುತ್ತಾರೆ. ಬೆಲ್ಜಿಯಂನವರದು ನಖರೆ ಜಾಸ್ತಿ. ಒಂದೊಂದು ಬಿಯರಿಗೂ ಒಂದೊಂದು ಆಕಾರದ ಗ್ಲಾಸು ಆಗಬೇಕು, ಬೇರೆಯದರಲ್ಲಿ ಕೊಟ್ಟರೆ ಮುಖ ಹುಳಿ ಮಾಡುತ್ತಾರೆ. ಆ ಗ್ಲಾಸುಗಳನ್ನು ತೊಳೆದು ತೊಳೆದು ನನ್ನ ಬೆರಳು ಸುಕ್ಕಾಗಿದೆ. ಐರ್ಲೆಂಡಿನ ಕಪ್ಪು ಬಿಯರು ಅರ್ಧ ಸುರಿದು, ನೊರೆ ಕೂರುವ ತನಕ ಕಾದು, ಮತ್ತೆ ಸುರಿಯಬೇಕು. ಮನೆಯಲ್ಲಿ ಜಗಳವಾಡಿ ಬಂದವರೆಲ್ಲ ಅದನ್ನೇ ಕೇಳುತ್ತಾರೆ, ಅಳುವುದಕ್ಕೆ ಒಂದು ನೆಪ ಸಿಗುತ್ತದಲ್ಲ. ಜಪಾನಿನದು ಕುಡಿಯುವವರು ತಮ್ಮ ಗ್ಲಾಸಿಗೆ ತಾವೇ ಸುರಿದುಕೊಳ್ಳುವುದಿಲ್ಲ, ಪಕ್ಕದವನು ಸುರಿಯಲಿ ಎಂದು ಖಾಲಿ ಗ್ಲಾಸಿನ ಮುಂದೆ ಕಾಯುತ್ತಾರೆ. ಪಕ್ಕದಲ್ಲಿ ಜರ್ಮನಿಯವನು ಕೂತಿದ್ದರೆ ಸಂಜೆಯವರೆಗೂ ಕಾಯುವುದೇ. ಪೆರು ಎಂಬ ದೇಶದ್ದು ಅಪರೂಪಕ್ಕೆ ಬರುತ್ತದೆ. ಅದು ಬಂದ ದಿನ ಬೆಂಚಿಗೆಲ್ಲ ಒಂದೇ ಗ್ಲಾಸು ಸಾಕು, ಒಬ್ಬ ಕುಡಿದು, ತಳದ ನೊರೆ ನೆಲಕ್ಕೆ ಕೊಡವಿ, ಮುಂದಿನವನಿಗೆ ದಾಟಿಸುತ್ತಾನೆ. ನನಗೆ ತೊಳೆಯುವ ಕೆಲಸ ಕಡಿಮೆ, ಒರೆಸುವ ಕೆಲಸ ಹೆಚ್ಚು. ಮೆಕ್ಸಿಕೋದ್ದಕ್ಕೆ ಲಿಂಬೆ ಹಿಂಡಿ ಗ್ಲಾಸಿನ ಅಂಚಿಗೆ ಉಪ್ಪು ಸವರಬೇಕಂತೆ. ದಿನವಿಡೀ ಉಪ್ಪಿನಲ್ಲೇ ನಿಂತವರಿಗೆ ಮತ್ತೆ ಉಪ್ಪು ಯಾಕೆ, ಅದಕ್ಕೆ ಇಲ್ಲಿ ಗಿರಾಕಿ ಇಲ್ಲ. ವಿಯೆಟ್ನಾಂನದು ಐಸು ಹಾಕಿ ಕುಡಿಯುವಂಥದ್ದು, ಹಗುರ. ಅಲ್ಲಿಯೂ ಅನ್ನ ಮೀನೇ ಉಣ್ಣುತ್ತಾರಂತೆ. ಹಾಗಾಗಿ ಅದನ್ನು ಕುಡಿದವನು ಸ್ವಲ್ಪ ಹೊತ್ತು ಗದ್ದಲ ಮಾಡಿ, ಮನೆಗೆ ಹೋಗಿ ಉಂಡರೆ ಅರ್ಧ ಸಮಾಧಾನ.

ಇಂಗ್ಲೆಂಡಿನದು ಕುಡಿಯುವವನು ನಮ್ಮಲ್ಲಿ ಒಬ್ಬನೇ, ಉಪ್ಪು ತೂಗುವ ಜಟ್ಟಪ್ಪ. ಅದನ್ನು ತಣ್ಣಗೆ ಕೊಡಬಾರದಂತೆ. ಬಿಸಿಲಿಗೆ ಬೆಚ್ಚಗಾದದ್ದನ್ನೇ ಹೀರುತ್ತ, ಅಲ್ಲಿಯ ಮಳೆ ಸರಿ ಇಲ್ಲ, ಚಳಿ ಸರಿ ಇಲ್ಲ, ಊಟ ಸರಿ ಇಲ್ಲ ಎಂದು ಬಯ್ಯುತ್ತಾನೆ. ಬಯ್ಯುತ್ತ ಬಯ್ಯುತ್ತಲೇ ಕಣ್ಣು ಒದ್ದೆ ಮಾಡಿಕೊಳ್ಳುತ್ತಾನೆ. ಅವನ ಮಟ್ಟಿಗೆ ಅದೇ ಸುಖ.

ಇಲ್ಲಿ ಹೆಣ್ಣು ಕೊಡುವವರು ಹುಡುಗನ ಮನೆ, ಕೆಲಸ ನೋಡುವ ಮೊದಲು, ಅವನು ಯಾವ ದೇಶದ್ದು ಕುಡಿಯುತ್ತಾನೆ ಎಂದು ವಿಚಾರಿಸುತ್ತಾರೆ. ವಿಯೆಟ್ನಾಂ ಎಂದರೆ ನಿಶ್ಚಿಂತೆ. ಐರ್ಲೆಂಡ್ ಎಂದರೆ ಹುಡುಗಿಯ ತಾಯಿ ಎಲೆ ಅಡಿಕೆ ತಟ್ಟೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ನನ್ನನ್ನು ಕೊಡುವಾಗ ಇದೆಲ್ಲ ಯಾರೂ ಕೇಳಲಿಲ್ಲ. ನಾನು ಹೊಳೆಯ ಆಚೆಯವಳು, ನಮ್ಮ ಕಡೆ ಬಿಯರು ಕುಡಿದರೆ ನಿದ್ದೆ ಬರುತ್ತದೆ, ಅಷ್ಟೆ. ಕೇಳಿದ್ದರೂ ಉತ್ತರ ಸಿಗುತ್ತಿರಲಿಲ್ಲ, ಯಾಕೆಂದರೆ ನಮ್ಮವರು, ಬೊಮ್ಮಯ್ಯನವರು, ಆಗ ಏನನ್ನೂ ಕುಡಿಯುತ್ತಿರಲಿಲ್ಲ. ಆಗರಕ್ಕೆ ಸಮುದ್ರದ ನೀರು ಬಿಡುವ ತೂಬಿನ ಕೆಲಸ ಅವರದು. ನೀರೇರುವ ಭರತದ ಹೊತ್ತಿಗೆ ಹಲಗೆ ಎತ್ತಬೇಕು, ಇಳಿತಕ್ಕೆ ಮೊದಲು ಹಲಗೆ ಬೀಳಿಸಬೇಕು. ಹಂಬಲ ಹತ್ತಿದವನು ಹೊತ್ತು ಮರೆತರೆ ಆಗರವೇ ಹೋಯಿತು. ಹಾಗಾಗಿ ಗಿರಾಕಿಗಳು ಅಳುತ್ತಿದ್ದರೆ ಅವರು ಮೂಲೆಯಲ್ಲಿ ಮಜ್ಜಿಗೆ ಕುಡಿಯುತ್ತ ಕೂತಿರುತ್ತಿದ್ದರು. ಮಾತು ಕಡಿಮೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಅದೂ ಅಡುಗೆಯ ವಿಷಯ.

ಆಮೇಲೆ ತೂಬಿಗೆ ಮೋಟಾರು ಬಂತು. ಗುಂಡಿ ಒತ್ತಿದರೆ ಹಲಗೆ ತಾನೇ ಎದ್ದು ತಾನೇ ಕೂರುತ್ತದೆ. ಯಾರೂ ಅವರಿಗೆ ಕೆಟ್ಟ ಮಾತು ಆಡಲಿಲ್ಲ, ಹಾರ ಹಾಕಿ ಕಳಿಸಿಕೊಟ್ಟರು. ಮಾರನೇ ದಿನ ಭರತದ ಹೊತ್ತಿಗೆ ಅವರು ಎದ್ದು ನಿಂತರು, ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ ಮತ್ತೆ ಕೂತರು. ಸ್ವಲ್ಪ ಹೊತ್ತಾದ ಮೇಲೆ, ನೀಲಾ, ಯಾವುದಾದರೂ ಒಂದು ಕೊಡು ಅಂದರು. ಕೈಗೆ ಸಿಕ್ಕಿದ್ದು ಚೆಕ್ ದೇಶದ್ದು. ಕೊಟ್ಟೆ. ಇಷ್ಟು ವರ್ಷದಲ್ಲಿ ಎಷ್ಟೋ ಜನಕ್ಕೆ ಎಷ್ಟೋ ಕೊಟ್ಟವಳು, ನನ್ನ ಗಂಡನಿಗೆ ಕೊಡುವಾಗ ಯೋಚನೆಯೇ ಮಾಡಲಿಲ್ಲ.

ಚೆಕ್ ದೇಶದ್ದರಲ್ಲಿ ನೊರೆಯೇ ಮುಖ್ಯ. ಮುಕ್ಕಾಲು ಬಿಯರು, ಮೇಲೆ ಕಾಲುಭಾಗ ನೊರೆ, ಮೊಸರಿನ ಹಾಗೆ ದಪ್ಪ. ನೊರೆ ಇಲ್ಲದೆ ಕೊಟ್ಟರೆ ಅಲ್ಲಿ ಅವಮಾನವಂತೆ. ಆ ದೇಶಕ್ಕೆ ಸಮುದ್ರವೇ ಇಲ್ಲ. ಅವರ ಬಿಯರು ಜರ್ಮನಿಯ ಹಡಗಿನಲ್ಲಿ ಬರಬೇಕು. ಇದನ್ನೆಲ್ಲ ನನಗೆ ಹೇಳಿದವರು ನಮ್ಮವರೇ. ಮಾತೇ ಆಡದಿದ್ದ ಮನುಷ್ಯ ಕುಡಿಯಲು ಶುರುಮಾಡಿದ ಮೇಲೆ ಬಾಯಿ ತೆರೆದರು. ದೊಡ್ಡ ಮರಗಳ ನೆರಳಲ್ಲಿ ಉದ್ದ ಮೇಜು ಹಾಕಿರುತ್ತಾರೆ, ಯಾರ ಪಕ್ಕ ಯಾರು ಬೇಕಾದರೂ ಕೂರಬಹುದು, ಮಾತಾಡಿದರೂ ಸರಿ ಆಡದಿದ್ದರೂ ಸರಿ, ಹಿಮ ಬಿದ್ದರೆ ಛಾವಣಿಯಿಂದ ಧಪ್ಪೆಂದು ಜಾರುತ್ತದೆ ಎಂದು ಹೇಳುತ್ತಿದ್ದರು. ಕೇಳಲು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಗ್ಲಾಸು ಒರೆಸುತ್ತ ನಿಂತು ಕೇಳಿದ್ದೇನೆ.

ಆದರೆ ಬೇರೆಯವರ ಹಂಬಲ ಇಳಿಯುತ್ತದೆ, ಇವರದು ಇಳಿಯಲಿಲ್ಲ. ಇಳಿಯುವ ಮೊದಲೇ ಇನ್ನೊಂದು ಕೇಳುತ್ತಿದ್ದರು. ಬರಬರುತ್ತ ಬೆಳಿಗ್ಗೆ, ಏನೂ ಕುಡಿಯದೆ ಇರುವಾಗಲೂ ಬರೀ ಅದೇ ಮಾತು. ಒಂದು ದಿನ ಗಂಜಿಗೆ ಕುಳಿತವರು, ನಮ್ಮಲ್ಲಿ ಈಗ ಎಲೆ ಉದುರುವ ಕಾಲ ಅಂದರು. ನಮ್ಮಲ್ಲಿ ಅಂದದ್ದು ಎಲ್ಲಿಯದು ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೂ ಏನೂ ತೋರಿಸಿಕೊಳ್ಳದೆ ಗಂಜಿಗೆ ಉಪ್ಪಿನಕಾಯಿ ಹಾಕಿದೆ.

ಆ ಮಾತಾಗಿ ತಿಂಗಳು ಕಳೆದಿರಬೇಕು, ಜರ್ಮನಿಯ ಹಡಗು ಉಪ್ಪು ತುಂಬಲು ಬಂದು ನಿಂತಿತು. ನಮ್ಮವರು ಹೋಗಿ ಕಪ್ತಾನನ ಹತ್ತಿರ ಮಾತಾಡಿ ಬಂದರು. ಅಡುಗೆಯವನಿಗೆ ಸಹಾಯಕ್ಕೆ ಜನ ಬೇಕಂತೆ. ಇವರು ಒಪ್ಪಿಕೊಂಡು ಬಂದಿದ್ದಾರೆ. ಹಡಗು ಹೊರಡುವುದು ನಾಳೆ ಸಂಜೆಯ ಭರತಕ್ಕೆ.

"ನೀಲಾ, ನಾನು ಊರಿಗೆ ಹೋಗ್ತೇನೆ," ಅಂದರು. ಧ್ವನಿಯಲ್ಲಿ ಸಿಟ್ಟಿಲ್ಲ, ಬೇಸರವಿಲ್ಲ. ರಜೆ ಸಿಕ್ಕಿದವರ ಹಾಗೆ ಹೇಳಿದರು.

"ನಿಮ್ಮ ಊರು ಇದು," ಅಂದೆ.

"ಗೊತ್ತು ಮಾರಾಯ್ತಿ. ಇಲ್ಲಿ ಹುಟ್ಟಿದ್ದೆಲ್ಲ ಗೊತ್ತು. ಆದ್ರೂ ನೆನಪಾಗೋದು ಅದಲ್ಲ."

"ನಾನು?"

ಅವರು ತಲೆ ತಗ್ಗಿಸಿ ಕಾಲಿನ ಉಗುರು ನೋಡಿಕೊಂಡರು. "ನೀನು ಅಂಗಡಿ ನಡೆಸಿಕೊಂಡು ಹೋಗ್ತಿ. ನಾನು ಇಲ್ಲದಿದ್ರೆ ನಿನಗೆ ಒಂದು ಊಟದ ಕೆಲಸ ಕಡಿಮೆ," ಅಂದರು. ನನ್ನನ್ನು ಚುಚ್ಚಬೇಕೆಂದು ಹೇಳಿದ್ದಲ್ಲ, ನಿಜವಾಗಿ ಹಾಗೆಂದು ತಿಳಿದೇ ಹೇಳಿದ್ದು. ಹಡಗು ಕದಲಿದರೆ ಈ ಮನುಷ್ಯ ಮತ್ತೆ ಈ ಬಾಗಿಲು ತುಳಿಯುವುದಿಲ್ಲ ಎನ್ನುವುದು ಮಾತ್ರ ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ಹಡಗು ಹತ್ತಿ ಹೋಗುವವರಿಗೆ ಈ ಊರಿನಲ್ಲಿ ಒಂದು ಪದ್ಧತಿ ಇದೆ. ಇಗರ್ಜಿ ಬೀದಿಯ ಎಮಿಲಿ ಬಾಯಿ ನಮ್ಮ ಬಾವಿಯ ನೀರು, ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ನಮ್ಮ ಕಗ್ಗ ಭತ್ತದ ಅಕ್ಕಿ ಹಾಕಿ ಒಂದು ಬಿಯರು ಮಾಡುತ್ತಾಳೆ. ಅದು ಈ ಊರಿನ ಬಿಯರು. ಹೋಗುವವನ ಮನೆಯವರು ಅದನ್ನು ತಂದು ಕಟ್ಟಿಕೊಡಬೇಕು, ದಡ ಕಣ್ಣಿಗೆ ಮರೆಯಾದ ಮೇಲೆ ಅವನು ಅದನ್ನು ಒಡೆದು ಕುಡಿಯಬೇಕು. ಕುಡಿದರೆ ಈ ಊರಿನ ಹಂಬಲ ಹತ್ತಿ ಎಲ್ಲಿದ್ದರೂ ತಿರುಗಿ ಬರುತ್ತಾನೆ. ಹಾಗೆ ಹೋದ ಗಂಡಸರೆಲ್ಲ ತಿರುಗಿ ಬಂದೂ ಇದ್ದಾರೆ. ಆದರೆ ಊರೊಳಗೆ ಅದನ್ನು ಯಾರೂ ಬಾಯಿಗೆ ಹಾಕುವುದಿಲ್ಲ, ಮಾಡುವ ಎಮಿಲಿ ಬಾಯಿ ಕೂಡ ರುಚಿ ನೋಡುವುದಿಲ್ಲ. ಯಾಕೆ ಎಂದು ಕೇಳಿದರೆ, ಕುಡಿಯಬಾರದು, ಅಷ್ಟೆ.

ನಮ್ಮವರಿಗೆ ಹೇಳಿದೆ, ತರುತ್ತೇನೆ ಎಂದು. ಬೇಡ ಅಂದರು. "ಪರದೇಶಕ್ಕೆ ಹೋಗುವವನಿಗೆ ಅದು. ನಾನು ಊರಿಗೆ ಹೋಗುವವನು, ನನಗೆ ಯಾಕೆ? ಕಟ್ಟಿದರೆ ಸಮುದ್ರಕ್ಕೆ ಬಿಸಾಡ್ತೇನೆ." ಅವರ ಲೆಕ್ಕಕ್ಕೆ ಅದೂ ಸರಿಯೇ.

ಆದರೂ ಬೆಳಿಗ್ಗೆ ಎದ್ದು ಎಮಿಲಿ ಬಾಯಿಯ ಮನೆಗೆ ಹೋದೆ. ಮುದುಕಿ ಹಿತ್ತಿಲಲ್ಲಿ ಮಣ್ಣಿನ ಭರಣಿಗಳ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಯಾರು ಹೊರಟಿದ್ದು ಎಂದು ಕೇಳಿದಳು, ಹೇಳಿದೆ. ಅವರು ಬೇಡವೆಂದದ್ದನ್ನೂ ಹೇಳಿದೆ.

"ಮತ್ತೆ ನಿನಗೆ ಯಾಕೆ ಮಗಾ?"

"ಇಲ್ಲೇ ಕುಡಿಸ್ತೇನೆ. ಹೊರಡುವ ಮೊದಲು."

ಅವಳು ಕಟ್ಟುತ್ತಿದ್ದ ಬಟ್ಟೆಯನ್ನು ಬಿಟ್ಟು ನನ್ನ ಮುಖ ನೋಡಿದಳು. "ಊರೊಳಗೆ ಕುಡಿಯೋದಲ್ಲ ಅದು."

"ಕುಡಿದರೆ ಎಂತ ಆಗ್ತದೆ?"

"ನನಗೆಂತ ಗೊತ್ತು? ಯಾರೂ ಕುಡಿದಿಲ್ಲ," ಅಂದಳು. ಆಮೇಲೆ ಒಂದು ಭರಣಿಯ ಬಟ್ಟೆ ಬಿಚ್ಚಿ, "ಎಲ್ಲ ದೇಶಕ್ಕೂ ಅತ್ತಿದ್ದಾರೆ ಈ ಗಂಡಸರು. ಈ ಊರಿಗೂ ಒಂದು ಸಲ ಅಳಲಿ ನೋಡುವ," ಎಂದು ಒಂದು ಬಾಟಲಿ ತುಂಬಿ, ಬಾಳೆನಾರಿನಲ್ಲಿ ಬಿರಡೆ ಬಿಗಿದು ಕೊಟ್ಟಳು. ನನ್ನ ಲೆಕ್ಕ ಸುಲಭವಾಗಿತ್ತು. ಬೇರೆ ದೇಶದ್ದು ಕುಡಿದರೆ ಆ ದೇಶ ಬೇಕು ಅನಿಸುತ್ತದೆ, ಈ ಊರಿನದು ಕುಡಿದರೆ ಈ ಊರು ಬೇಕು ಅನಿಸುತ್ತದೆ, ಊರು ಇಲ್ಲೇ ಇದೆ, ಮತ್ತೆ ಹೋಗುವುದು ಎಲ್ಲಿಗೆ. ಇಷ್ಟು ವರ್ಷ ಅಂಗಡಿ ನಡೆಸಿದ ನನ್ನ ತಲೆಗೆ ಅದಕ್ಕಿಂತ ಹೆಚ್ಚಿನದು ಹೊಳೆಯಲಿಲ್ಲ.

ಊಟ ಮುಗಿದ ಮೇಲೆ ಅವರು ತೊಳೆದ ಅಂಗಿ ಹಾಕಿಕೊಂಡು ಅಂಗಡಿಯ ಮೂಲೆಯಲ್ಲಿ ಕೂತರು. ಅವತ್ತು ಆಗರದವರೆಲ್ಲ ಹಡಗಿಗೆ ಉಪ್ಪು ಹೊರುವ ಕೆಲಸದಲ್ಲಿದ್ದರು. ಅಂಗಡಿಯಲ್ಲಿ ಇದ್ದದ್ದು ತೂಕ ಮುಗಿಸಿ ಬಂದ ಜಟ್ಟಪ್ಪ ಒಬ್ಬ, ಅವನ ಬೆಚ್ಚಗಿನ ಇಂಗ್ಲೆಂಡು. ನಾನು ಎಮಿಲಿ ಬಾಯಿಯ ಬಾಟಲಿಯನ್ನು ನಮ್ಮವರ ಮುಂದೆ ಇಟ್ಟೆ. ಮೋಸ ಮಾಡುವ ಶಕ್ತಿಯೂ ನನಗೆ ಉಳಿದಿರಲಿಲ್ಲ, ಇದ್ದದ್ದನ್ನೇ ಹೇಳಿದೆ.

"ಇದು ಊರಿನದು. ಹೋಗುವವರಿಗೆ ಕೊಡದೆ ಕಳಿಸಿದಳು ಅಂತ ನಾಳೆ ನಾಲ್ಕು ಜನ ನನ್ನನ್ನೇ ಆಡಿಕೊಳ್ತಾರೆ. ಹೊತ್ತುಕೊಂಡು ಹೋಗುವುದು ಬೇಡವಾದರೆ ಇಲ್ಲೇ ಕುಡಿದು ಹೋಗಿ."

"ಊರೊಳಗೆ ಕುಡಿಯಬಾರದಲ್ಲ ನೀಲಕ್ಕ," ಅಂದ ಜಟ್ಟಪ್ಪ.

"ಹೊರಟವನಿಗೆ ಇಲ್ಲಿಯ ಕಟ್ಟಳೆ ಯಾಕೆ? ಹೊಯ್ಯಿ," ಅಂದರು ನಮ್ಮವರು. ನನ್ನ ಮೇಲೆ ಸ್ವಲ್ಪ ಕನಿಕರವೂ ಇತ್ತೇನೋ. ಹೊಯ್ದೆ. ಅನ್ನ ಬಸಿದ ತಿಳಿಯ ಬಣ್ಣ. ನೊರೆಯೇ ಇಲ್ಲವಲ್ಲ ಇದಕ್ಕೆ ಎಂದು ಮೂಗು ಮುರಿದರು, ಎರಡು ಗುಟುಕಿಗೆ ಅರ್ಧ ಮುಗಿಸಿದರು, ಇನ್ನೆರಡಕ್ಕೆ ಪೂರ್ತಿ. ಬಾಯಿ ಒರೆಸಿಕೊಂಡರು. ನಾನು ಕೌಂಟರಿನ ಹಿಂದೆ ಹೋಗಿ ನಿಂತು, ಅವರು ಈಗ ಎದ್ದು, ಹೋಗುವುದಿಲ್ಲ ನೀಲಾ, ಎನ್ನುತ್ತಾರೆ ಎಂದು ಕಾದೆ.

ಅವರು ಬಾಗಿಲ ಕಡೆ ನೋಡಿದರು. ಆಮೇಲೆ ಗೋಡೆ, ಛಾವಣಿ. ಹೊಸ ಜಾಗಕ್ಕೆ ಬಂದವರು ನೋಡುವ ಹಾಗೆ ನೋಡಿದರು. ನನ್ನ ಕಡೆ ತಿರುಗಿ, "ಅಮ್ಮಾ, ಇಲ್ಲಿ ಬಿಸಿಲು ಬಹಳ ಜೋರಲ್ಲ?" ಅಂದರು.

ಮದುವೆಯಾದಂದಿನಿಂದ ನೀಲಾ ಬಿಟ್ಟು ಬೇರೆ ಹೆಸರಿನಲ್ಲಿ ಅವರು ನನ್ನನ್ನು ಕರೆದದ್ದಿಲ್ಲ. ನನ್ನ ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟೆ.

"ಬಿಸಿಲು ಯಾವಾಗಲೂ ಇದ್ದದ್ದೇ," ಅಂದೆ.

"ನಮ್ಮಲ್ಲಿಯೂ ಬಿಸಿಲು ಉಂಟು. ಆದ್ರೆ ಸಂಜೆ ಗಾಳಿ ಬರ್ತದೆ. ಭರತ ಏರುವಾಗ ನೀರಿನ ಜೊತೆಗೇ ಬರ್ತದೆ, ತೂಬಿನ ಮೇಲೆ ನಿಂತರೆ ಅಂಗಿಯೊಳಗೆ ನುಗ್ಗುತ್ತದೆ. ನೀವು ನೋಡಿದ್ದೀರಾ ನಮ್ಮ ಊರು? ಉಪ್ಪಿನ ಊರು. ಮಧ್ಯಾಹ್ನ ಉಪ್ಪಿನ ರಾಶಿ ನೋಡಲಿಕ್ಕಾಗುವುದಿಲ್ಲ, ಕಣ್ಣು ಕುಕ್ಕುತ್ತದೆ." ಅವರ ಕಣ್ಣಲ್ಲಿ ನೀರು ತುಂಬಿತು. ಚೆಕ್ ದೇಶಕ್ಕೆ ಅವರು ಎಂದೂ ಅತ್ತಿರಲಿಲ್ಲ, ನಿಟ್ಟುಸಿರು ಬಿಡುತ್ತಿದ್ದರು ಅಷ್ಟೆ.

"ಬೊಮ್ಮಯ್ಯ, ಇದೇ ಊರೋ ಅದು," ಅಂದ ಜಟ್ಟಪ್ಪ. "ಆಚೆ ಕಾಣುವುದು ಉಪ್ಪಿನ ರಾಶಿಯೇ. ನಾನೇ ತೂಗಿ ಬಂದದ್ದು."

ಅವರು ಜಟ್ಟಪ್ಪನನ್ನು ನೋಡಿ, ತಿಳಿಯದವನ ಮಾತಿಗೆ ನಗುವ ಹಾಗೆ ಸ್ವಲ್ಪ ನಕ್ಕರು. "ಹೀಗೆ ಕಾಣುವ ಊರು ಬೇಕಾದಷ್ಟು ಇರಬಹುದು. ಅದು ಬೇರೆಯೇ. ನನ್ನ ಹೆಂಡತಿ ಇದ್ದಾಳೆ ಅಲ್ಲಿ."

ಜಟ್ಟಪ್ಪ ನನ್ನನ್ನು ನೋಡಿದ. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಅವರ ಖಾಲಿ ಗ್ಲಾಸು ನೋಡಿದೆ.

"ಅಂಗಡಿ ನಡೆಸ್ತಾಳೆ," ಅಂದರು. "ಹೊಳೆಯ ಆಚೆಯವಳು. ಹೊಸದಾಗಿ ಬಂದಾಗ ದಿನಾ ಸಂಜೆ ಹೊಳೆಯ ದಡಕ್ಕೆ ಹೋಗಿ ಕೂರುತ್ತಿದ್ದಳು, ಆಚೆ ದಡ ನೋಡ್ತಾ. ನಾನು ತೂಬಿನ ಮೇಲಿಂದ ನೋಡ್ತಿದ್ದೆ. ಯಾವ ಬಿಯರೂ ಕುಡಿಯದೆ ಅವಳಿಗೆ ಹಂಬಲ. ಹತ್ತಿರ ಹೋಗಿ ಒಂದು ಮಾತು ಕೇಳಬೇಕು, ಮನೆ ನೆನಪಾಗ್ತದಾ ಅಂತ. ನಾಳೆ ಕೇಳುವ, ನಾಳೆ ಕೇಳುವ ಅಂದುಕೊಂಡೆ. ಆಮೇಲೆ ಅವಳು ಹೋಗುವುದನ್ನೇ ಬಿಟ್ಟಳು. ಅಭ್ಯಾಸ ಆಯ್ತೇನೋ ಅಂದುಕೊಂಡೆ. ಆಗಿರಲಿಕ್ಕಿಲ್ಲ ಅಲ್ವಾ ಅಮ್ಮಾ? ನೀವು ಹೆಂಗಸರು, ನಿಮಗೆ ಗೊತ್ತಿರ್ತದೆ."

ಆ ಸಂಜೆಗಳನ್ನು ಯಾರೂ ನೋಡಲಿಲ್ಲ ಎಂದೇ ಇಷ್ಟು ಕಾಲ ತಿಳಿದಿದ್ದೆ. ನೋಡಿದ್ದರು ಎಂದು ತಿಳಿದು ಸಂತೋಷವಾಯಿತು, ಸಿಟ್ಟೂ ಬಂತು, ಎರಡೂ ಒಟ್ಟಿಗೆ. ಇದನ್ನೇ ನನ್ನ ಮುಖ ನೋಡಿ ನೀಲಾ ಎಂದು ಕರೆದು ಹೇಳಿದ್ದರೆ ನಾನು ಅಂಗಡಿ ಮುಚ್ಚಿ ಅವರ ಹಿಂದೆ ಎಲ್ಲಿಗೆ ಬೇಕಾದರೂ ಹೋಗುತ್ತಿದ್ದೆ, ಸಮುದ್ರವಿಲ್ಲದ ಆ ದೇಶಕ್ಕೂ.

"ಅಭ್ಯಾಸ ಆಗುವುದಿಲ್ಲ," ಅಂದೆ. "ಕೆಲಸ ಇರ್ತದೆ, ಹಾಗಾಗಿ ಹೋಗುವುದಿಲ್ಲ."

"ಅದೇ ಮತ್ತೆ," ಅಂದರು ಅವರು, ತೋಳಿನಿಂದ ಕಣ್ಣು ಒರೆಸಿಕೊಂಡು.

ಅಷ್ಟರಲ್ಲಿ ಬಂದರಿನಿಂದ ಹಡಗಿನ ಮೊದಲ ಕೂಗು ಕೇಳಿಸಿತು. ಭರತ ಏರಲು ಶುರುವಾಗಿತ್ತು, ಎರಡನೇ ಕೂಗಿಗೆ ಹಗ್ಗ ಬಿಚ್ಚುತ್ತಾರೆ. ನಮ್ಮವರು ತಟ್ಟನೆ ಎದ್ದು ನಿಂತರು. ಅವರ ಮುಖದಲ್ಲಿ ಅಂಥ ಆಸೆಯನ್ನು ನಾನು ಚೆಕ್ ದೇಶದ ಹೊತ್ತಿನಲ್ಲೂ ಕಂಡಿರಲಿಲ್ಲ.

"ಹಡಗು ಬಂದಿದೆ. ನಾನು ಹತ್ತಬೇಕು. ಊರಿಗೆ ಹೋಗಬೇಕು, ಅವಳೊಬ್ಬಳೇ ಇದ್ದಾಳೆ."

ನನ್ನ ತಪ್ಪು ನನಗೆ ತಿಳಿದದ್ದು ಆಗ. ಊರಿನ ಹಂಬಲ ಹತ್ತಿದವನಿಗೆ ತಾನು ಕೂತ ಜಾಗ ಊರಾಗಿ ಕಾಣುವುದಿಲ್ಲ. ಅವನು ಹಡಗು ಹುಡುಕುತ್ತಾನೆ. ನಿನ್ನೆ ನನ್ನನ್ನು ಬಿಟ್ಟು ಹೋಗಲು ಹಡಗು ಹತ್ತುವವರಿದ್ದರು, ಈಗ ನನ್ನ ಹತ್ತಿರ ಬರಲು ಅದೇ ಹಡಗು ಹತ್ತಲು ಹೊರಟಿದ್ದರು. ಎರಡಕ್ಕೂ ದಾರಿ ಒಂದೇ, ಬಂದರಿನ ಕಡೆ. ದಡ ಮರೆಯಾದ ಮೇಲೆ ಹಂಬಲ ಇಳಿದು, ತಾನು ಎಲ್ಲಿದ್ದೇನೆಂದು ತಿಳಿದರೂ ಅಷ್ಟು ಹೊತ್ತಿಗೆ ಸುತ್ತ ಬರೀ ನೀರು, ಮುಂದೆ ಜರ್ಮನಿ, ಅಲ್ಲಿ ಪೆಟ್ಟಿಗೆ ತುಂಬ ಚೆಕ್ ಬಿಯರು.

ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತೆ. "ಅದು ನಿಮ್ಮ ಊರಿಗೆ ಹೋಗುವ ಹಡಗಲ್ಲ," ಅಂದೆ.

"ಹೋಗ್ತದೆ. ನನಗೆ ಗೊತ್ತುಂಟು. ಬಿಡಿ ಅಮ್ಮಾ, ಸಮಯ ಇಲ್ಲ." ಗಟ್ಟಿ ಮಾತಾಡಲಿಲ್ಲ, ಕೈ ಮುಗಿದರು. ಹಲಗೆ ಎತ್ತಿ ಎತ್ತಿ ದಪ್ಪಗಾದ ಆ ಕೈಗಳು ನನಗೆ ಮುಗಿದು ನಿಂತದ್ದನ್ನು ನೋಡಲು ಆಗಲಿಲ್ಲ. ಜಟ್ಟಪ್ಪ ಎದ್ದು ಬಂದು ಅವರ ಹೆಗಲು ಹಿಡಿದ. ಹಿಡಿದರೂ ನಿಲ್ಲುವವರಲ್ಲ, ಇಬ್ಬರನ್ನು ಎಳೆದುಕೊಂಡು ಹೋಗುವ ಮೈ ಅದು.

"ಅವಳೇ ಬರ್ತಿದ್ದಾಳೆ," ಅಂದುಬಿಟ್ಟೆ.

"ಯಾರು?"

"ನಿಮ್ಮ ಹೆಂಡತಿ. ಆ ಹಡಗಿನಲ್ಲೇ ಬಂದಿದ್ದಾಳೆ. ನೀವು ಇಲ್ಲಿದ್ದೀರಿ ಅಂತ ಹುಡುಕಿಕೊಂಡು ಬರ್ತಿದ್ದಾಳಂತೆ. ನೀವು ಒಂದು ದಾರಿಯಲ್ಲಿ ಹೋಗಿ ಅವಳು ಒಂದು ದಾರಿಯಲ್ಲಿ ಬಂದರೆ ಏನು ಗತಿ? ಇಲ್ಲೇ ಕೂತು ಕಾಯಿರಿ."

ಅವರು ಜಟ್ಟಪ್ಪನ ಮುಖ ನೋಡಿದರು, ಹೌದಾ ಎನ್ನುವ ಹಾಗೆ. ಜಟ್ಟಪ್ಪ ಹುಟ್ಟಿದಂದಿನಿಂದ ಯಾವುದನ್ನೂ ಸರಿ ಎಂದು ಒಪ್ಪಿಕೊಂಡವನಲ್ಲ. ಅವತ್ತು ಗಂಟಲು ಸರಿಮಾಡಿಕೊಂಡು, "ಹೌದು, ನಾನೂ ಕೇಳಿದೆ. ಬಂದರಿನಲ್ಲಿ ಇಳಿದಿದ್ದಾಳಂತೆ," ಅಂದ.

ನಮ್ಮವರು ನಿಧಾನವಾಗಿ ಬಂದು ಬೆಂಚಿನ ಮೇಲೆ ಕೂತರು. ಮತ್ತೆ ಎದ್ದರು. ಮುಖ ತೊಳೆಯಲು ನೀರು ಕೇಳಿದರು, ಕೊಟ್ಟೆ. ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು ತಲೆ ಬಾಚಿದರು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. "ನನ್ನನ್ನು ಗುರುತು ಹಿಡೀತಾಳಾ?" ಎಂದು ಕೇಳಿದರು.

"ಹಿಡೀತಾಳೆ."

"ಸಿಟ್ಟಲ್ಲಿ ಇರ್ತಾಳೇನೋ."

"ಸ್ವಲ್ಪ ಇರ್ತದೆ," ಅಂದೆ.

ಇವರನ್ನು ನೋಡಿಕೋ ಎಂದು ಜಟ್ಟಪ್ಪನಿಗೆ ಕಣ್ಣಲ್ಲೇ ಹೇಳಿ ನಾನು ಅಡುಗೆಮನೆಗೆ ಹೋದೆ. ಅಂಗಡಿಯ ಒದ್ದೆ ಸೀರೆ ಬಿಚ್ಚಿ ಬೇರೆ ಉಟ್ಟೆ. ಮುಖ ಒರೆಸಿಕೊಂಡೆ, ಕೂದಲು ಬಿಚ್ಚಿ ಕಟ್ಟಿದೆ. ಗೂಟದಲ್ಲಿದ್ದ ಸಂತೆಯ ಚೀಲಕ್ಕೆ ಎರಡು ತೆಂಗಿನಕಾಯಿ ಹಾಕಿ ಕೈಗೆ ತೆಗೆದುಕೊಂಡು ಹಿತ್ತಿಲ ಬಾಗಿಲಿನಿಂದ ಹೊರಬಿದ್ದೆ. ನಮ್ಮ ಮನೆಯನ್ನು ಹೊರಗಿನಿಂದ ಸುತ್ತು ಬಂದು ಎಷ್ಟು ಕಾಲವಾಗಿತ್ತೋ. ಬೇಲಿ ಹಾಳಾಗಿತ್ತು, ಗೋಡೆಯ ಬುಡಕ್ಕೆ ಉಪ್ಪು ಹಿಡಿದು ಸುಣ್ಣ ಕಿತ್ತಿತ್ತು. ಆ ಸುತ್ತು ಬರುವಾಗ ನನಗೆ ನಾಚಿಕೆಯೂ ಆಯಿತು, ಈ ವಯಸ್ಸಿನಲ್ಲಿ ಎಂತ ನಾಟಕ ಎಂದು. ನಾನು ಯಾರೆಂದು ಅವರಿಗೆ ತಿಳಿಯದೆ, ಮತ್ತೆ ಅಮ್ಮಾ ಎಂದುಬಿಟ್ಟರೆ ಎಂಬ ಹೆದರಿಕೆಯೂ ಇತ್ತು. ಬೀದಿಯ ಕಡೆಯ ಬಾಗಿಲಿಗೆ ಬಂದು, ಹೊಸಬರು ನಿಲ್ಲುವ ಹಾಗೆ ಹೊಸ್ತಿಲ ಹೊರಗೆ ನಿಂತೆ.

ಅವರು ಎದ್ದು ನಿಂತರು.

"ನೀಲಾ," ಅಂದರು. "ಎಷ್ಟು ತಡ ಮಾಡಿದೆ."

"ದೂರ ಇತ್ತು," ಅಂದೆ.

ಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಬಂದರಿನಲ್ಲಿ ಎರಡನೇ ಕೂಗು ಆಯಿತು, ಅವರು ಆ ಕಡೆ ತಿರುಗಲಿಲ್ಲ. ಬೆಂಚನ್ನು ಎಳೆದು, ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. ಜಟ್ಟಪ್ಪ ತನ್ನ ಗ್ಲಾಸನ್ನು ತಾನೇ ಎತ್ತಿಕೊಂಡು ಹೊರಗೆ ಜಗುಲಿಗೆ ಹೋದ.

"ಕೂತ್ಕೋ," ಅಂದರು ನಮ್ಮವರು. "ತುಂಬ ಸುಸ್ತಾಗಿದೆ ನಿನಗೆ."

ಹೌದು ಅಂದೆ. ಕೂತೆ.